ಕೂತಲ್ಲಿಗೇ ಎಲ್ಲ ಬಂದರೆ

"ನಮ್ಮ ಸೊಸೆ ಒಂದು ಕಡ್ಡಿ ಎತ್ತಿಡೋಕೂ ಬಿಡಲ್ಲ." ಮದುವೆಮನೆಯಲ್ಲೋ ಸತ್ಯನಾರಾಯಣ ಪೂಜೆಯಲ್ಲೋ ನಾಲ್ಕು ಜನ ಹಿರಿಯರು ಒಟ್ಟಿಗೆ ಕೂತಾಗ ಒಬ್ಬರ ಬಾಯಲ್ಲಿ ಈ ಮಾತು ಬಂದರೆ ಉಳಿದವರ ಮುಖದಲ್ಲಿ ಸಣ್ಣದೊಂದು ಅಸೂಯೆ ಹಾದುಹೋಗುತ್ತದೆ. ಮನೆಮಂದಿಯ ಬಗ್ಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮಲ್ಲಿಲ್ಲ. ಅದೇ ಹಿರಿಯರು ಇನ್ನೊಂದು ಗಳಿಗೆಯಲ್ಲಿ ಹೇಳುವ ಮಾತೂ ಎಲ್ಲರಿಗೂ ಗೊತ್ತಿರುವುದೇ: "ಯಾರ ಕೈಲೂ ಮಾಡಿಸ್ಕೊಳ್ಳದ ಹಾಗೆ, ಓಡಾಡ್ಕೊಂಡಿರುವಾಗಲೇ ದೇವರು ಕರ್ಕೊಂಡ್ರೆ ಸಾಕು." ಎರಡೂ ಮನಸ್ಸಿನಿಂದ ಬಂದ ಮಾತುಗಳೇ. ಆದರೆ ಮೊದಲನೆಯದು ಮನೆಯಲ್ಲಿ ಚೆನ್ನಾಗಿ ನಡೆದಷ್ಟೂ ಎರಡನೆಯದು ಕೈಗೂಡುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ. ಕಾಫಿ ಮಂಚಕ್ಕೆ ಬಂತು, ತಟ್ಟೆ ಮಡಿಲಿಗೆ ಬಂತು, ಚೊಂಬಿನ ನೀರು ಕೈಗೆ ಬಂತು, ಸ್ನಾನಕ್ಕೆ ಮಗ ನೀರು ಹಾಕಿದ, ಸೀರೆಗೆ ಮಗಳು ನೆರಿಗೆ ಹಿಡಿದಳು. ಹೀಗೆ ಆರು ತಿಂಗಳು ಕಳೆಯುವಷ್ಟರಲ್ಲಿ, ಬಚ್ಚಲಿಗೆ ತಾವೇ ಹೋಗುತ್ತಿದ್ದವರು ಇಬ್ಬರ ಭುಜ ಹಿಡಿದು ಹೋಗುವ ಸ್ಥಿತಿಗೆ ಬಂದಿರುತ್ತಾರೆ. "ವಯಸ್ಸಾಯ್ತಲ್ಲ" ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ವಯಸ್ಸಿನ ಪಾಲು ಅದರಲ್ಲಿ ಇದ್ದೇ ಇದೆ. ಆದರೆ ದೊಡ್ಡ ಪಾಲು ಮಂಚಕ್ಕೆ ಬಂದ ಕಾಫಿಯದು ಎಂದು ನನ್ನ ವಾದ.

ಹಿರಿಯರನ್ನು ಕಡೆಗಣಿಸುವವರ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಓದಿದ್ದೇವೆ, ಸಿನಿಮಾ ನೋಡಿ ಅತ್ತಿದ್ದೇವೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಕೇಂದ್ರ ಸರ್ಕಾರ ಕಾನೂನನ್ನೇ ತಂದಿತು. ಪೋಷಣೆ ಎಂದರೆ ಏನೆಂದು ಆ ಕಾನೂನು ವಿವರಿಸುವಾಗ ಆಹಾರ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆಯನ್ನು ಹೆಸರಿಸುತ್ತದೆ. ಮಕ್ಕಳು ಕೈಬಿಟ್ಟಾಗ ಕೋರ್ಟಿನಂಥ ಜಾಗದಲ್ಲಿ ಕೇಳಬಹುದಾದದ್ದು ಇಷ್ಟೇ, ಸರಿ. ತೊಂದರೆಯೆಂದರೆ ಕೈಬಿಡದ ಮನೆಗಳಲ್ಲೂ ಆರೈಕೆಯ ಕಲ್ಪನೆ ಇದೇ ನಾಲ್ಕರ ಸುತ್ತ ನಿಂತಿದೆ. ಹೊತ್ತು ಹೊತ್ತಿಗೆ ಊಟ, ಒಗೆದ ಬಟ್ಟೆ, ಒಂದು ಕೋಣೆ, ತಿಂಗಳಿಗೊಮ್ಮೆ ಡಾಕ್ಟರು. ಈ ನಾಲ್ಕನ್ನೂ ಕೊರತೆಯಿಲ್ಲದೆ ಪಡೆಯುತ್ತಲೇ ಒಬ್ಬ ಮನುಷ್ಯ ಎದ್ದು ನಿಲ್ಲುವ ಶಕ್ತಿಯನ್ನು ಕಳೆದುಕೊಳ್ಳಬಹುದು ಎನ್ನುವುದು ನಮ್ಮ ಲೆಕ್ಕಕ್ಕೆ ಬಂದಿಲ್ಲ. ಕಡೆಗಣನೆಯಿಂದ ಆಗುವ ಹಾನಿ ಅಕ್ಕಪಕ್ಕದವರ ಕಣ್ಣಿಗೆ ಬೀಳುತ್ತದೆ. ಪ್ರೀತಿಯಿಂದ ಆಗುವ ಹಾನಿಗೆ ಹೊಗಳಿಕೆ ಸಿಗುತ್ತದೆ. ಹಾಗಾಗಿಯೇ ಎರಡನೆಯದನ್ನು ತಡೆಯುವುದು ಹೆಚ್ಚು ಕಷ್ಟ.

ಮೊದಲು ಸ್ನಾಯುಗಳ ವಿಷಯ. 2007ರಲ್ಲಿ ಅಮೆರಿಕದ ಸಂಶೋಧಕರು ಸರಾಸರಿ 67 ವಯಸ್ಸಿನ ಹನ್ನೆರಡು ಮಂದಿ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅವರಿಗೆ ಕಾಯಿಲೆ ಇರಲಿಲ್ಲ, ಊಟವೂ ಕ್ರಮವಾಗಿ ಸಿಗುತ್ತಿತ್ತು. ಹತ್ತು ದಿನ ಮುಗಿದಾಗ ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಸ್ನಾಯು ಕರಗಿಹೋಗಿತ್ತು, ಮಂಡಿ ಚಾಚುವ ಬಲದಲ್ಲಿ ಆರನೇ ಒಂದು ಪಾಲು ಇಳಿದಿತ್ತು. ಜ್ವರ ಬಂದು ಬಿಟ್ಟ ಮೇಲೂ "ಇನ್ನೊಂದು ವಾರ ರೆಸ್ಟ್ ಮಾಡ್ಲಿ" ಎಂದು ನಾವು ಹೇಳುವ ಆ ವಾರದ ಬೆಲೆ ಇದು. 67ರವರಿಗೆ ಹೀಗಾದರೆ ಕಾಯಿಲೆ ಬಿದ್ದು ಎದ್ದ 82ರವರ ಗತಿ ಊಹಿಸಬಹುದು. ಇದರ ಇನ್ನೊಂದು ಮುಖವೂ ಇದೆ, ಅದು ಇನ್ನೂ ಮುಖ್ಯವಾದದ್ದು. 1990ರಲ್ಲಿ ಬೋಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರ ಈ ಪ್ರಯೋಗದಲ್ಲಿ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಕ್ಕೆ ಬಲದಲ್ಲಿ ಮೂರನೇ ಒಂದು ಪಾಲಿನಷ್ಟು ಮತ್ತೆ ಹೋಯಿತು ಎನ್ನುವುದನ್ನೂ ಅವರು ದಾಖಲಿಸಿದ್ದಾರೆ. ಹತ್ತು ಜನರ ಪ್ರಯೋಗ ಚಿಕ್ಕದೆನ್ನುವವರಿಗೆ, ನಾಲ್ಕು ವರ್ಷದ ಬಳಿಕ ಅದೇ ತಂಡ ನೂರು ಜನರ ಮೇಲೆ ನಡೆಸಿದ ಪರೀಕ್ಷೆಯಲ್ಲೂ ದಿಕ್ಕು ಇದೇ ಆಗಿತ್ತು. ತೊಂಬತ್ತರ ಕಾಲೂ ಕೆಲಸ ಕೊಟ್ಟರೆ ಬೆಳೆಯುತ್ತದೆ, ಕೊಡದಿದ್ದರೆ ಕರಗುತ್ತದೆ.

ಕೆಲಸ ಎಂದರೆ ಜಿಮ್ಮಿಗೆ ಹೋಗುವುದಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಒಂದು ಪಟ್ಟಿ ಇಂದಿಗೂ ಜಗತ್ತಿನ ಅನೇಕ ವೃದ್ಧಾರೋಗ್ಯ ವಿಭಾಗಗಳಲ್ಲಿ ಬಳಕೆಯಲ್ಲಿದೆ. ಸ್ನಾನ, ಬಟ್ಟೆ ಉಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರ ಹಿಡಿದಿಡುವುದು, ಉಣ್ಣುವುದು ಎಂಬ ಆರೇ ಆರು ಕೆಲಸ. ಸೊಂಟದ ಮೂಳೆ ಮುರಿದವರನ್ನೂ ಇತರ ದೀರ್ಘಕಾಲದ ರೋಗಿಗಳನ್ನೂ ಗಮನಿಸಿದಾಗ, ಈ ಆರು ಕೆಲಸಗಳು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಕೈತಪ್ಪುತ್ತವೆ, ಚೇತರಿಸಿಕೊಳ್ಳುವಾಗ ತಿರುಗುಮುರುಗಾಗಿ ವಾಪಸು ಬರುತ್ತವೆ ಎಂದು ಅವರು ಕಂಡುಕೊಂಡರು. ಮೊದಲು ಹೋಗುವುದು ಸ್ನಾನ, ಕೊನೆಗೆ ಹೋಗುವುದು ತುತ್ತು. ನಮ್ಮ ಮನೆಗಳ ಆರೈಕೆ ಕೂಡ ಇದೇ ಕ್ರಮದಲ್ಲಿ ಒಂದೊಂದನ್ನಾಗಿ ವಹಿಸಿಕೊಳ್ಳುತ್ತದೆ, ಆದರೆ ಒಂದು ಹೆಜ್ಜೆ ಮುಂಚಿತವಾಗಿ. ಬೆನ್ನಿಗೆ ಕೈ ಎಟುಕದಿದ್ದರೆ ಇಡೀ ಸ್ನಾನವನ್ನೇ ಮಾಡಿಸಿಬಿಡುತ್ತೇವೆ. ಅಂಗಿಯ ಗುಂಡಿ ಹಾಕಲು ಬೆರಳು ನಡುಗಿದರೆ ಅಂಗಿಯನ್ನೇ ತೊಡಿಸುತ್ತೇವೆ. ಸಹಾಯ ಬೇಕಿದ್ದದ್ದು ಬೆನ್ನಿಗೆ ಮತ್ತು ಗುಂಡಿಗೆ ಮಾತ್ರ. ಗುಂಡಿಯ ಬದಲು ವೆಲ್ಕ್ರೋ ಪಟ್ಟಿ ಹೊಲಿಸಿದರೆ, ಉದ್ದ ಹಿಡಿಯ ಬ್ರಷ್ಷೊಂದನ್ನು ತಂದರೆ ಅದೂ ಬೇಕಿರಲಿಲ್ಲ. 1982ರಲ್ಲಿ ಸಂಶೋಧಕರಾದ ಜೆರಿ ಆವೊರ್ನ್ ಮತ್ತು ಎಲೆನ್ ಲ್ಯಾಂಗರ್ ವೃದ್ಧಾಶ್ರಮವಾಸಿಗಳಿಗೆ ಚಿತ್ರದ ತುಂಡು ಜೋಡಿಸುವ ಆಟ ಕೊಟ್ಟು ನಡೆಸಿದ ಪರೀಕ್ಷೆ ಇಲ್ಲಿ ನೆನಪಿಡುವಂಥದ್ದು. ಒಂದು ಗುಂಪಿಗೆ ಕೈಜೋಡಿಸಿ ಸಹಾಯ ಮಾಡಿದರು, ಇನ್ನೊಂದಕ್ಕೆ ಬರೀ ಬಾಯಿಮಾತಿನ ಉತ್ತೇಜನ ಕೊಟ್ಟರು. ಉತ್ತೇಜನ ಸಿಕ್ಕವರು ಕೊನೆಗೆ ಮೊದಲಿಗಿಂತ ಚೆನ್ನಾಗಿ ಆಡಿದರು. ಸಹಾಯ ಪಡೆದವರು ಮೊದಲು ತಾವೇ ಮಾಡುತ್ತಿದ್ದಷ್ಟನ್ನೂ ಮಾಡಲಾರದೆ ಹಿಂದೆ ಬಿದ್ದರು. ಅದು ಕಾಲಿನ ಬಲದ ಪ್ರಶ್ನೆಯೇ ಅಲ್ಲ. "ನನ್ನಿಂದಾಗದು" ಎನ್ನುವುದನ್ನು ಅವರಿಗೆ ಪ್ರೀತಿಯಿಂದ ಕಲಿಸಲಾಗಿತ್ತು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: "ನಾವೇನು ಬಲವಂತವಾಗಿ ಮಾಡ್ತೀವಾ? ಅವರೇ ಕೇಳ್ತಾರೆ." ನಿಜ, ಕೇಳುತ್ತಾರೆ. ಯಾಕೆ ಕೇಳುತ್ತಾರೆ ಎನ್ನುವುದಕ್ಕೆ ಜರ್ಮನಿಯ ಮನಶ್ಶಾಸ್ತ್ರಜ್ಞೆ ಮಾರ್ಗ್ರೆಟ್ ಬಾಲ್ಟೆಸ್ ವರ್ಷಗಟ್ಟಲೆ ಹಿರಿಯರ ದಿನಚರಿಯನ್ನು ಪಕ್ಕದಲ್ಲೇ ಕೂತು ಗಮನಿಸಿ ಉತ್ತರ ಕೊಟ್ಟರು. ಹಿರಿಯರೊಬ್ಬರು ತಾವಾಗಿಯೇ ಏನಾದರೂ ಮಾಡಿಕೊಂಡಾಗ ಸುತ್ತಲಿನವರು ಅದನ್ನು ಗಮನಿಸುವುದೇ ಇಲ್ಲ. ಕೈಲಾಗದವರಂತೆ ಕಂಡ ಕೂಡಲೇ ಯಾರಾದರೂ ಹತ್ತಿರ ಬರುತ್ತಾರೆ, ಮಾತಾಡಿಸುತ್ತಾರೆ, ಮುಟ್ಟುತ್ತಾರೆ. ನಮ್ಮ ಮನೆಗಳ ದಿನವನ್ನು ಈ ಕಣ್ಣಿನಿಂದ ನೋಡಿದರೆ ಮುಜುಗರವಾಗುತ್ತದೆ. ಮಗ ಆಫೀಸಿನ ಲ್ಯಾಪ್‌ಟಾಪಿನಲ್ಲಿ, ಸೊಸೆ ಅಡುಗೆಮನೆ ಮತ್ತು ಅವಳ ಆಫೀಸಿನ ನಡುವೆ, ಮೊಮ್ಮಕ್ಕಳು ಮೊಬೈಲಿನಲ್ಲಿ. ಅಜ್ಜಿಯ ಹತ್ತಿರ ಯಾರಾದರೂ ಹತ್ತು ನಿಮಿಷ ಕೂರುವುದು ಮಾತ್ರೆ ನುಂಗಿಸಲು, ಕಾಲಿಗೆ ಎಣ್ಣೆ ಹಚ್ಚಲು, ಸ್ನಾನ ಮಾಡಿಸಲು. ಹಾಗಿರುವಾಗ "ನನಗೆ ನಾನೇ ಹಚ್ಕೋತೀನಿ, ನೀನು ಹೋಗು" ಎಂದು ಹೇಳುವುದು ದಿನಕ್ಕೆ ಸಿಗುವ ಒಂದೇ ಸಂಗವನ್ನು ಕೈಯಾರೆ ಕಳೆದುಕೊಂಡಂತೆ. ಅವರು ಕೇಳುತ್ತಿರುವುದು ಎಣ್ಣೆಯನ್ನಲ್ಲ ಎಂದು ಗೊತ್ತಾದರೆ ಪರಿಹಾರವೂ ಗೊತ್ತಾಗುತ್ತದೆ. ಎಣ್ಣೆ ಅವರೇ ಹಚ್ಚಿಕೊಳ್ಳಲಿ, ಆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಮಾತಾಡಲಿಕ್ಕೆ ಇರಲಿ. ಸಹಾಯ ಕಡಿಮೆ ಮಾಡುವವರು ಸಂಗವನ್ನು ಹೆಚ್ಚು ಮಾಡಲೇಬೇಕು. ಇಲ್ಲದಿದ್ದರೆ ಅದು ಬೇಜವಾಬ್ದಾರಿಯಾಗುತ್ತದೆ, ಅಥವಾ ಹಿರಿಯರಿಗೆ ಹಾಗೆ ಕಾಣುತ್ತದೆ, ಎರಡೂ ಒಂದೇ.

ಮಾಡಿಕೊಡುವುದು ಬೇರೆ, ಮಾಡಲು ಅನುವು ಮಾಡಿಕೊಡುವುದು ಬೇರೆ. ಕುರ್ಚಿಯಿಂದ ಎಬ್ಬಿಸುವ ಒಂದೇ ಕೆಲಸವನ್ನು ಹತ್ತಿರದಿಂದ ನೋಡೋಣ. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹೀಗೆ: ಎದುರಿಗೆ ನಿಂತು ಎರಡೂ ಕೈ ಹಿಡಿದು ಎಳೆಯುವುದು, ಇಲ್ಲವೇ ಕಂಕುಳಿಗೆ ಕೈಹಾಕಿ ಎತ್ತುವುದು. ಎಳೆದಾಗ ಕೂತವರು ಹಿಂದಕ್ಕೆ ವಾಲುತ್ತಾರೆ, ಏಕೆಂದರೆ ಭಾರವೆಲ್ಲ ಎಳೆಯುವವರ ಕೈಮೇಲೆ ಹೋಯಿತು, ಪಾದಕ್ಕೆ ಬರಲೇ ಇಲ್ಲ. ಎತ್ತಿದವರಿಗೆ ಸೊಂಟನೋವು, ಎತ್ತಿಸಿಕೊಂಡವರಿಗೆ ಭುಜನೋವು. ಸರಿಯಾದ ಕ್ರಮದಲ್ಲಿ ಎಳೆಯುವ ಪ್ರಶ್ನೆಯೇ ಇಲ್ಲ. ಕುರ್ಚಿಗೆ ಕೈಗಳಿರಬೇಕು, ಅದು ಜಾರುವ ಪ್ಲಾಸ್ಟಿಕ್ ಕುರ್ಚಿಯಾಗಿರಬಾರದು, ಕೂತಾಗ ತೊಡೆ ನೆಲಕ್ಕೆ ಸಮಾನಾಂತರವಾಗಿಯೋ ಮಂಡಿಗಿಂತ ಒಂದಿಷ್ಟು ಮೇಲೋ ಇರುವಷ್ಟು ಎತ್ತರವಿರಬೇಕು. ಕುಶನ್ನಿನ ಸೋಫಾ ವೃದ್ಧರ ಪಾಲಿಗೆ ಹೊಂಡ. ಅದರಿಂದ ಮೂವತ್ತರವರೂ ತಿಣುಕಿ ಏಳುತ್ತಾರೆ. ಮೊದಲು ಅಂಚಿಗೆ ಸರಿಯಬೇಕು. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಎರಡೂ ಅಂಗೈ ಕುರ್ಚಿಯ ಕೈಗಳ ಮೇಲೆ. ಮೂಗು ಕಾಲ್ಬೆರಳಿಗಿಂತ ಮುಂದೆ ಬರುವಷ್ಟು ಬಾಗಿ ಆಮೇಲೆ ಒತ್ತಿ ಏಳಬೇಕು. ನಿಂತ ಮೇಲೆ ಹೆಜ್ಜೆ ಹಾಕುವ ಮುಂಚೆ ಹತ್ತು ಎಣಿಸಬೇಕು. ಸಹಾಯಕ್ಕಿರುವವರು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತು, ಬೆನ್ನಿನ ಕೆಳಭಾಗಕ್ಕೆ ಅಂಗೈ ತಾಗಿಸಿಟ್ಟರೆ ಸಾಕು. ಮುಂದೆ ಬಾಗಬೇಕೆಂಬುದನ್ನು ದೇಹ ಮರೆತಿರುತ್ತದೆ, ಅದನ್ನು ಆ ಅಂಗೈ ನೆನಪಿಸುತ್ತದೆ. ಎದ್ದು ಕೂರುವ ಇದೇ ಕ್ರಿಯೆಯನ್ನು ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ ಮಾಡಿದರೆ ಯಾವ ಖರ್ಚೂ ಇಲ್ಲದ ವ್ಯಾಯಾಮವಾಯಿತು. ಶೌಚಕ್ಕೆ ತಾವೇ ಹೋಗಿಬರಲು ಬೇಕಾದ ಸ್ನಾಯುಗಳು ಇವೇ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: "ಓಡಾಡಲು ಬಿಟ್ಟು ಬಿದ್ದರೆ?" ಬಿದ್ದರೆ ದೊಡ್ಡ ಅನಾಹುತವೇ. ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ, ಅವರಲ್ಲಿ ಹೆಚ್ಚಿನವರು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಭಯ ಸಹಜ. ಆದರೆ ಬೀಳದಂತೆ ಕೂರಿಸುವುದು ಬೀಳುವುದನ್ನು ಮುಂದೂಡುತ್ತದೆಯೇ ಹೊರತು ತಪ್ಪಿಸುವುದಿಲ್ಲ. ಎಷ್ಟೇ ಕಾವಲಿದ್ದರೂ ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಅವರು ಒಬ್ಬರೇ ಏಳುವ ದಿನ ಬಂದೇ ಬರುತ್ತದೆ. ಆ ದಿನ ಬಳಸದೆ ಸೊರಗಿದ ಕಾಲಿನಲ್ಲಿ ಏಳುತ್ತಾರೋ ಬಳಸಿದ ಕಾಲಿನಲ್ಲೋ ಎನ್ನುವುದೇ ಪ್ರಶ್ನೆ. 2019ರಲ್ಲಿ ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 25 ದೇಶಗಳ 108 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆಯಿತ್ತು. ಮನೆಯೊಳಗಿನ ಅಪಾಯಗಳನ್ನು ಸರಿಪಡಿಸಿದರೆ ಏನಾಗುತ್ತದೆಂದು 2023ರಲ್ಲಿ ಅದೇ ಸಂಸ್ಥೆ ಪರಿಶೀಲಿಸಿತು. ಒಟ್ಟಾರೆ ಶೇ 26, ಬೀಳುವ ಅಪಾಯ ಹೆಚ್ಚಿರುವವರಲ್ಲಿ ಶೇ 38 ಇಳಿಕೆ. ಅಂದರೆ ಹಿರಿಯರನ್ನು ತಡೆಯುವ ಬದಲು ಮನೆಯನ್ನು ತಿದ್ದಬೇಕು. ನಮ್ಮ ಮನೆಗಳಲ್ಲಿ ತಿದ್ದಲು ಬೇಕಾದಷ್ಟಿದೆ. ಹಳೆಯ ರೆಡ್ ಆಕ್ಸೈಡ್ ನೆಲ ಕಿತ್ತು ಹಾಕಿಸಿದ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಎರಡು ಹನಿ ನೀರು ಬಿದ್ದರೆ ಸಾಕು. ಹೊಸ್ತಿಲ ಮುಂದೆ ಮಡಚಿಕೊಂಡು ಬಿದ್ದಿರುವ ಕಾಲೊರಸು, ಹಿಂಬದಿ ಪಟ್ಟಿಯಿಲ್ಲದ ಹವಾಯಿ ಚಪ್ಪಲಿ, ನೆಲ ಗುಡಿಸುವಷ್ಟು ಉದ್ದದ ನೈಟಿ ಮತ್ತು ಪಂಚೆ, ಮಂಚದಿಂದ ಬಚ್ಚಲಿನವರೆಗೆ ಕತ್ತಲೆ.

ಬಚ್ಚಲಮನೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬಕೆಟ್ ನೆಲದ ಮೇಲಿದ್ದರೆ ಪ್ರತಿ ಚೊಂಬಿಗೂ ಸೊಂಟ ಬಗ್ಗಬೇಕು, ಬಗ್ಗಿ ಎದ್ದಾಗಲೇ ತಲೆ ಸುತ್ತುವುದು. ಬಕೆಟ್ಟನ್ನು ಒಂದು ಗಟ್ಟಿ ಸ್ಟೂಲಿನ ಮೇಲಿಟ್ಟು, ಅವರನ್ನು ರಬ್ಬರ್ ಕಾಲಿನ ಇನ್ನೊಂದು ಸ್ಟೂಲಿನ ಮೇಲೆ ಕೂರಿಸಿದರೆ ಸ್ನಾನ ಮತ್ತೆ ಅವರ ಕೈಗೆ ಬರುತ್ತದೆ. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಸ್ಟೀಲ್ ಹಿಡಿಕೆ ಬೇಕು. ಗಾಳಿ ಎಳೆದು ಅಂಟಿಕೊಳ್ಳುವ ಪ್ಲಾಸ್ಟಿಕ್ ಹಿಡಿಕೆಯೂ ಟವೆಲ್ ರಾಡೂ ಮೈಭಾರ ತಡೆಯುವುದಿಲ್ಲ, ಬಿದ್ದಾಗ ಕೈಯೊಂದಿಗೇ ಬರುತ್ತವೆ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಅದನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಲು ಬಡಗಿಗೆ ಅರ್ಧ ದಿನದ ಕೆಲಸ. ಚಿಲಕದ ಬದಲು ಹೊರಗಿನಿಂದಲೂ ತೆಗೆಯಬಹುದಾದ ಲಾಕ್ ಇರಲಿ. ಮೊಮ್ಮಗನ ನಾಮಕರಣಕ್ಕೆ ಶಾಮಿಯಾನ ಹಾಕಿಸುವ ಖರ್ಚಿನಲ್ಲಿ ಇದೆಲ್ಲ ಮುಗಿದು ಹಣ ಮಿಗುತ್ತದೆ. ಆದರೂ ಮೂಳೆ ಮುರಿಯುವ ತನಕ ಇದಕ್ಕೆ ಯಾರೂ ಕೈಹಾಕುವುದಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸುವುದೆಂದರೆ ಮನೆಗೆ ಮುಪ್ಪು ಬಂತೆಂದು ಒಪ್ಪಿಕೊಂಡಂತೆ ಎಂಬ ಸಂಕೋಚ ಮಕ್ಕಳಿಗಿಂತ ಹಿರಿಯರಿಗೇ ಹೆಚ್ಚು.

ನೆಲವನ್ನು ತಿದ್ದಿದ ಮೇಲೆ ಮಾತ್ರೆಯ ಡಬ್ಬಿಯನ್ನೂ ತೆರೆದು ನೋಡಬೇಕು. ನಿದ್ದೆ ಬರುವುದಿಲ್ಲವೆಂದು ಎಂದೋ ಬರೆದುಕೊಟ್ಟ ಆಲ್‌ಪ್ರಜೋಲಾಮ್ ವರ್ಷಗಟ್ಟಲೆ ಮುಂದುವರಿದಿರುತ್ತದೆ. ಅದರ ಮಂಪರಿನಲ್ಲಿ ರಾತ್ರಿ ಎದ್ದವರು ಬೀಳುತ್ತಾರೆ, ಹಗಲು ಮರೆಯುತ್ತಾರೆ, ಆ ಮರೆವಿಗೆ ಇನ್ನೊಂದು ಮಾತ್ರೆ ಬರುತ್ತದೆ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಎರಡೂ ಸೇರಿದರೆ ಎದ್ದು ನಿಂತ ಕೂಡಲೇ ರಕ್ತದೊತ್ತಡ ಕುಸಿಯಬಹುದು. ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆದು, ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದಿದ್ದರೆ ಅದು ಡಾಕ್ಟರಿಗೆ ಹೇಳಬೇಕಾದ ಸಂಗತಿ. ನಮ್ಮಲ್ಲಿ ಬಿ.ಪಿ.ಯನ್ನು ಕೂತಿದ್ದಾಗ ಮಾತ್ರ ನೋಡುವುದು ರೂಢಿ, ಹಾಗಾಗಿ ಈ ಕುಸಿತ ಚೀಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ರಾತ್ರಿಗೆ ಬಿದ್ದಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಬೇಕು. ಯಾವುದನ್ನೂ ಮನೆಯಲ್ಲೇ ನಿಲ್ಲಿಸುವಂತಿಲ್ಲ. ನಿದ್ದೆಮಾತ್ರೆಯನ್ನಂತೂ ಏಕಾಏಕಿ ಬಿಟ್ಟರೆ ಅಪಾಯ. ಆದರೆ ವರ್ಷಕ್ಕೊಮ್ಮೆ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ "ಇದರಲ್ಲಿ ಯಾವುದು ಈಗಲೂ ಬೇಕು?" ಎಂದು ಒಬ್ಬ ವೈದ್ಯರನ್ನು ಕೇಳುವುದು ಹೊಸ ಟಾನಿಕ್ ಕೇಳುವುದಕ್ಕಿಂತ ಉಪಯುಕ್ತ.

ಮಂಡಿನೋವಿನ ಮಾತು ತೆಗೆಯದೆ ಈ ಚರ್ಚೆ ನಮ್ಮಲ್ಲಿ ಮುಗಿಯುವುದಿಲ್ಲ. "ಮಂಡಿ ಸವೆದಿದೆ, ನಡೆದರೆ ಇನ್ನೂ ಸವೆಯುತ್ತೆ" ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ ಡಾಕ್ಟರು ನಡೆಯಲು ಹೇಳಿದರೆ ಡಾಕ್ಟರನ್ನೇ ಬದಲಿಸುತ್ತಾರೆ. ಆದರೆ ಮಂಡಿಸವೆತಕ್ಕೆ ಮೊದಲ ಚಿಕಿತ್ಸೆಯೇ ತೊಡೆಯ ಮುಂಭಾಗದ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಎಂದು ಇವತ್ತಿನ ಎಲ್ಲ ಪ್ರಮುಖ ಮಾರ್ಗಸೂಚಿಗಳೂ ಹೇಳುತ್ತವೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸುವುದು ಕೂಡ ಅದೇ ವ್ಯಾಯಾಮ. ನೆಲದ ಮೇಲೆ ಕೂತೇಳುವ ಅಭ್ಯಾಸ ಇನ್ನೂ ಉಳಿದವರನ್ನು "ಯಾಕೆ ಕಷ್ಟ, ಕುರ್ಚಿ ಹಾಕ್ಕೊಳ್ಳಿ" ಎಂದು ಅವಸರದಲ್ಲಿ ಮೇಲಕ್ಕೆತ್ತಬಾರದು. ಬ್ರೆಜಿಲ್‌ನ ವೈದ್ಯ ಕ್ಲಾಡಿಯೋ ಜಿಲ್ ಅರಾಜೊ ಮತ್ತು ತಂಡ 51ರಿಂದ 80 ವಯಸ್ಸಿನ 2002 ಮಂದಿಯನ್ನು ನೆಲದಲ್ಲಿ ಕೂರಿಸಿ ಏಳಿಸಿ ಅಂಕ ಕೊಟ್ಟು, ವರ್ಷಗಳ ಕಾಲ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯೂರದೆ ಸಲೀಸಾಗಿ ಎದ್ದವರಿಗಿಂತ ಒದ್ದಾಡಿ ಎದ್ದವರಲ್ಲಿ ಸಾವಿನ ಪ್ರಮಾಣ ಹಲವು ಪಟ್ಟು ಹೆಚ್ಚಿತ್ತು. ಕೂತೇಳುವುದರಿಂದಲೇ ಆಯುಸ್ಸು ಬರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಗಟ್ಟಿಯಿದ್ದವರು ಎದ್ದರು, ಗಟ್ಟಿಯಿದ್ದವರೇ ಬದುಕಿದರು ಎನ್ನಲೂ ಬಹುದು. ಆದರೆ ಚಾಪೆಯ ಮೇಲೆ ಕೂತು ಹೂ ಕಟ್ಟಿ, ಅವರೆಕಾಳು ಹಿತುಕಿ, ಕೈಯೂರಿ ಎದ್ದು ಹೋಗುವ ಅಜ್ಜಿಯಲ್ಲಿರುವ ಕಸುವು ಸಣ್ಣದಲ್ಲ ಎಂಬುದಕ್ಕೆ ಅಷ್ಟು ಸಾಕು. ನಿಜವಾಗಿಯೂ ಕೂರಲಾಗದವರಿಗೆ ಎತ್ತರದ ಕಮೋಡೂ ಕುರ್ಚಿಯೂ ಬೇಕೇ ಬೇಕು.

"ಜೀವಮಾನವಿಡೀ ದುಡಿದಿದ್ದಾರೆ, ಈಗಲಾದರೂ ಆರಾಮಾಗಿರಲಿ" ಎನ್ನುವುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಆಕ್ಷೇಪ. ಈ ಲೇಖನದ ವಾದವನ್ನು ತಿರುಚಿ, ಎಪ್ಪತ್ತೈದರ ಅತ್ತೆಯ ಕೈಗೆ ಇಡೀ ಅಡುಗೆಮನೆಯನ್ನೂ ಮೊಮ್ಮಕ್ಕಳನ್ನೂ ಕೊಟ್ಟು "ವ್ಯಾಯಾಮ ಆಗುತ್ತಲ್ಲ" ಎನ್ನುವವರೂ ಇದ್ದಾರೆ. ಕೂಲಿ ಮಾಡುವ, ಸಣ್ಣ ಹಿಡುವಳಿಯ ಮನೆಗಳ ಹಿರಿಯರಿಗೆ, ಅದರಲ್ಲೂ ಹೆಂಗಸರಿಗೆ, ಬೇಕಾಗಿರುವುದು ವಿಶ್ರಾಂತಿಯೇ. ಅವರ ಮುಂದೆ ಈ ಉಪದೇಶ ಕ್ರೌರ್ಯವಾದೀತು. ನಾನು ಹೇಳುತ್ತಿರುವುದು ಆಳುಕಾಳು ಇಡಬಲ್ಲ, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ದುಡಿದು ಹಣ ಕಳಿಸುವ ಮನೆಗಳ ಬಗ್ಗೆ. ಅಲ್ಲಿಯೂ ದುಡಿಮೆಗೂ ಓಡಾಟಕ್ಕೂ ಇರುವ ವ್ಯತ್ಯಾಸ ಸರಳ: ಇವತ್ತು ಬೇಡವೆನ್ನುವ ಹಕ್ಕು ಯಾರಿಗಿದೆ ಎಂಬುದು. ದೇವರ ದೀಪದ ಬತ್ತಿ ಹೊಸೆಯುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು, ಹಾಲಿನವನ ಲೆಕ್ಕ ಬರೆದಿಡುವುದು, ಸಂಜೆ ತುಳಸಿಗೆ ನೀರು ಹಾಕುವುದು ಅವರದೇ ಕೆಲಸವಾಗಿ ಉಳಿಯಲಿ. ಬೇಡವೆನಿಸಿದ ದಿನ ಯಾರೂ ಮುಖ ಊದಿಸಿಕೊಳ್ಳದಿರಲಿ. ಅವರು ಹೊಸೆದ ಬತ್ತಿಯನ್ನು ಬಿಟ್ಟು ಅಂಗಡಿಯ ಬತ್ತಿ ಹಚ್ಚಿದರೆ ಮಾತ್ರ ಅವರಿಗೆ ಕೂಡಲೇ ಗೊತ್ತಾಗುತ್ತದೆ, ಇದು ಕೆಲಸವಲ್ಲ, ತನ್ನನ್ನು ಸುಮ್ಮನಿರಿಸಲು ಕೊಟ್ಟ ಆಟ ಎಂದು.

ಸ್ನಾಯು ಗಟ್ಟಿಯಾಗಲು ಊಟದಲ್ಲಿ ಪ್ರೋಟೀನ್ ಬೇಕು. "ವಯಸ್ಸಾದವರಿಗೆ ಹಗುರ ಊಟ" ಎಂಬ ಹೆಸರಿನಲ್ಲಿ ನಾವು ಕೊಡುವುದು ಮೆತ್ತಗಿನ ಅನ್ನ, ತಿಳಿಸಾರು, ರಾತ್ರಿ ಉಪ್ಪಿಟ್ಟು ಅಥವಾ ಗಂಜಿ. ಹೊಟ್ಟೆ ತುಂಬುತ್ತದೆ, ಕಾಲಿಗೆ ಏನೂ ಸಿಗುವುದಿಲ್ಲ. 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ಹೇಳಿತು. 55 ಕಿಲೋ ತೂಗುವ ಅಜ್ಜಿಗೆ 55ರಿಂದ 66 ಗ್ರಾಂ. ತಿಳಿಸಾರಿನ ಬದಲು ಗಟ್ಟಿ ತೊವ್ವೆ, ಹೆಸರುಕಾಳಿನ ಉಸಲಿ, ಊಟಕ್ಕೆ ಮೊಸರು, ತಿನ್ನುವ ಮನೆಗಳಲ್ಲಿ ಮೊಟ್ಟೆ ಮೀನು ಸೇರಿಸಿದರೆ ಅದರ ಹತ್ತಿರ ಹೋಗಬಹುದು. ಹಲ್ಲಿಲ್ಲದಿದ್ದರೆ ರುಬ್ಬಿ ಕೊಡಬಹುದು, ಇಲ್ಲವೇ ಹಲ್ಲು ಕಟ್ಟಿಸಬಹುದು. ಎಷ್ಟೋ ಮನೆಗಳಲ್ಲಿ ಎರಡೂ ಆಗಿರುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಪಾರ್ಶ್ವವಾಯು ಆದವರು, ಮರೆವಿನ ಕಾಯಿಲೆಯವರು, ನಿಜಕ್ಕೂ ಹಾಸಿಗೆ ಹಿಡಿದವರು, ಇವರಿಗೆ ಇದೆಲ್ಲ ಅನ್ವಯಿಸುತ್ತದೆಯೇ? ಅಳತೆ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ತಿರುಗಿಸಿ ಮಲಗಿಸುವುದು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಬೇರೆಯವರೇ ಮಾಡಬೇಕಾದದ್ದು. ಆದರೆ ಊಟಕ್ಕೆ ನೆಟ್ಟಗೆ ಕೂರಿಸಿದರೆ ಲೋಟವನ್ನು ಎರಡು ಕೈಯಲ್ಲಿ ಅವರೇ ಹಿಡಿಯಬಹುದು. ಮಲಗಿಸಿಕೊಂಡು ಚಮಚದಲ್ಲಿ ಸುರಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ, ಹಾಗಾಗಿ ಅವರು ಹಿಡಿಯುವುದೇ ಸುರಕ್ಷಿತವೂ ಹೌದು. ಮರೆವಿನವರಿಗೆ ಉಡುವುದು ಮರೆತಿರುವುದಿಲ್ಲ, ಯಾವುದಾದ ಮೇಲೆ ಯಾವುದು ಎಂಬುದು ತಪ್ಪಿರುತ್ತದೆ. ಬಟ್ಟೆಗಳನ್ನು ತೊಡುವ ಕ್ರಮದಲ್ಲಿ ಒಂದರ ಪಕ್ಕ ಒಂದಿಟ್ಟರೆ ಅನೇಕರು ತಾವೇ ಉಡುತ್ತಾರೆ. ಸೊಂಟದ ಮೂಳೆ ಮುರಿದವರನ್ನು ಶಸ್ತ್ರಚಿಕಿತ್ಸೆಯ ಮರುದಿನವೇ ಎದ್ದು ನಿಲ್ಲಿಸುವುದು ಈಗಿನ ಪದ್ಧತಿ. ಮನೆಗೆ ಬಂದ ಮೇಲೆ "ಮೂರು ತಿಂಗಳು ಅಲ್ಲಾಡಬಾರದು" ಎಂದು ನೆಂಟರು ಕೊಡುವ ಸಲಹೆ ಆ ಶಸ್ತ್ರಚಿಕಿತ್ಸೆಯನ್ನೇ ದಂಡ ಮಾಡುತ್ತದೆ. ಕೊನೆಯ ದಿನಗಳಲ್ಲಿರುವವರ ಮಾತು ಬೇರೆ. ಅಲ್ಲಿ ಯಾವ ಗುರಿಯೂ ಇಲ್ಲ, ಅವರಿಗೆ ಹಿತವಾದದ್ದೇ ಸರಿ, ಏಳಬೇಕೆಂದು ಯಾರೂ ಒತ್ತಾಯಿಸಬಾರದು.

ಇಷ್ಟೆಲ್ಲ ಒಪ್ಪಿದವರೂ ಕೊನೆಗೆ ಕೇಳುವುದು ಸಮಯದ ಪ್ರಶ್ನೆ. ಅಜ್ಜ ತಾವೇ ಸ್ನಾನ ಮಾಡಿದರೆ ಮುಕ್ಕಾಲು ಗಂಟೆ, ಮಾಡಿಸಿದರೆ ಹತ್ತು ನಿಮಿಷ. ಎಂಟಕ್ಕೆ ಬಸ್ ಹಿಡಿಯಬೇಕಾದ ಸೊಸೆಗೆ ಈ ಲೆಕ್ಕ ತಮಾಷೆಯಲ್ಲ, ಮತ್ತು ಇಂಥ ಲೇಖನಗಳ ಉಪದೇಶ ಸಾಮಾನ್ಯವಾಗಿ ಬೀಳುವುದು ಅವಳ ತಲೆಯ ಮೇಲೇ. ಸ್ನಾನವನ್ನು ಹನ್ನೊಂದು ಗಂಟೆಗೆ ಸರಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಸ್ನಾನವಾಗದೆ ತಿಂಡಿಯಿಲ್ಲ ಎಂಬ ನೇಮ ಅಡ್ಡ ಬರುವ ಮನೆಗಳಲ್ಲಿ ನೇಮವನ್ನು ಸಡಿಲಿಸಬೇಕಾದವರು ಹಿರಿಯರೇ. ಉಳಿದರ್ಧಕ್ಕೆ ಲೆಕ್ಕವನ್ನು ಒಂದು ದಿನದ ಬದಲು ವರ್ಷದ ಮೇಲೆ ಹಾಕಬೇಕು. ಇವತ್ತು ಉಳಿಸಿದ ಮೂವತ್ತೈದು ನಿಮಿಷ, ಅವರು ಹಾಸಿಗೆ ಹಿಡಿದ ಮೇಲೆ ದಿನಕ್ಕೆ ಎಷ್ಟೋ ಗಂಟೆಗಳಾಗಿ ವಾಪಸು ವಸೂಲಾಗುತ್ತದೆ. ಸರ್ಕಾರಗಳೂ ಈ ಲೆಕ್ಕ ಹಾಕಿವೆ. ಜಪಾನ್ 1989ರ ಅಂತ್ಯದಲ್ಲಿ ರೂಪಿಸಿದ ತನ್ನ ಹತ್ತು ವರ್ಷದ ಯೋಜನೆಯಲ್ಲಿ ಹಾಸಿಗೆ ಹಿಡಿದ ವೃದ್ಧರ ಸಂಖ್ಯೆಯನ್ನು ಸೊನ್ನೆಗಿಳಿಸುವ ಆಂದೋಲನವನ್ನೇ ಸೇರಿಸಿತು. ಮಲಗಿಸಿಟ್ಟದ್ದರಿಂದಲೇ ಅವರು ಮಲಗಿದವರಾದರು ಎಂಬುದು ಅದರ ಪ್ರಚಾರದ ತಿರುಳಾಗಿತ್ತು. ಡೆನ್ಮಾರ್ಕಿನಲ್ಲಿ ಹಿರಿಯರಿಗೆ ಮನೆಗೆಲಸದ ಸಹಾಯ ಮಂಜೂರು ಮಾಡುವ ಮುಂಚೆ, ತರಬೇತಿ ಕೊಟ್ಟರೆ ಅವರೇ ಮಾಡಿಕೊಳ್ಳಬಲ್ಲರೇ ಎಂದು ಸ್ಥಳೀಯ ಸಂಸ್ಥೆಗಳು ನೋಡಲೇಬೇಕೆಂಬ ನಿಯಮ 2015ರಲ್ಲಿ ಜಾರಿಗೆ ಬಂತು. ಅದರಿಂದ ಎಷ್ಟು ಉಳಿತಾಯವಾಯಿತು ಎಂಬ ಬಗ್ಗೆ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ದಿಕ್ಕು ಮಾತ್ರ ಸ್ಪಷ್ಟ.

ನಮ್ಮಲ್ಲಿ ಅಂಥ ಸ್ಥಳೀಯ ಸಂಸ್ಥೆಯ ಜಾಗದಲ್ಲಿ ಇರುವುದು ಏಜೆನ್ಸಿಯಿಂದ ಬಂದ ಹೋಂ ನರ್ಸ್. ಕರಾವಳಿ ಮಲೆನಾಡಿನ ದೊಡ್ಡ ಮನೆಗಳಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಆರೈಕೆ ನಡೆಯುವುದು ಅವಳ ಕೈಯಲ್ಲಿ. ಅವಳಿಗೆ ಯಾರೂ ಹೇಳಿಕೊಡದ ಒಂದು ಸತ್ಯ ಚೆನ್ನಾಗಿ ಗೊತ್ತು: ಅಜ್ಜಿ ಮಲಗಿದ್ದಷ್ಟು ಹೊತ್ತು ತಾನು ಸುರಕ್ಷಿತ, ನಡೆದು ಬಿದ್ದರೆ ಕೆಲಸ ಹೋಯಿತು. ದೂರದೂರಿನಿಂದ ವಿಡಿಯೋ ಕಾಲ್ ಮಾಡುವ ಮಕ್ಕಳು "ಊಟ ಆಯ್ತಾ, ಮಾತ್ರೆ ಕೊಟ್ರಾ, ಏಳೋಕೆ ಬಿಡ್ಬೇಡಿ" ಎಂದಷ್ಟೇ ಹೇಳಿ ಇಟ್ಟರೆ ಅವಳು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾಳೆ. ಅವಳು ಬಂದ ಮೊದಲ ದಿನವೇ ಎರಡು ಕೆಲಸ ಆಗಬೇಕು. ಯಾವ ಯಾವುದನ್ನು ಹಿರಿಯರು ತಾವೇ ಮಾಡಿಕೊಳ್ಳುತ್ತಾರೆ, ಅವುಗಳಿಗೆ ಅವಳು ಕೈಹಾಕುವಂತಿಲ್ಲ ಎಂಬ ಪಟ್ಟಿಯನ್ನು ಹಿರಿಯರನ್ನೇ ಕೇಳಿ ಬರೆದು ಗೋಡೆಗೆ ಅಂಟಿಸಬೇಕು. ಹೇಳಿದ ಹಾಗೆ ಪಕ್ಕದಲ್ಲಿ ನಿಂತು ನಡೆಸುವಾಗ ಬಿದ್ದರೆ ಅವಳ ತಪ್ಪಲ್ಲ, ಸಂಬಳ ಕಡಿತವಿಲ್ಲ ಎಂದು ಮನೆಯವರು ಅವಳಿಗೂ ಏಜೆನ್ಸಿಗೂ ಬರೆದು ಕೊಡಬೇಕು. ಆಮೇಲೆ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳೂ ಬದಲಾಗುತ್ತವೆ: ಇವತ್ತು ಕುರ್ಚಿಯಿಂದ ಎಷ್ಟು ಸಲ ಎದ್ದರು, ಬಚ್ಚಲಿಗೆ ನಡೆದೇ ಹೋದರಾ, ಚೊಂಬು ಯಾರ ಕೈಯಲ್ಲಿತ್ತು.